ಪ್ರಾಣಹಸ್ತಕ್ಕೆ ಭುಜ ನೋವು

“ಮೇಡಂ, ಇನ್ಮೇಲೆ ನಿಮ್ಮ ಕೈ ಕೆಲಸ ಇದು ಮಾಡುತ್ತೆ! ಹೆಸರು ಪ್ರಾಣಹಸ್ತ!” ಎಂದು ರಂಗಧಾಮಯ್ಯ ಹೊದಿಕೆ ಎಳೆದರು.

ಕಾತ್ಯಾಯಿನಿಯವರು ಬೆಚ್ಚಿದರು. ಸರಸ್ವತಿಪುರಂನ ಅವರ ಮನೆಯ ತಾರಸಿಯಲ್ಲಿ, ಯೋಗ ತರಗತಿಯ ನಟ್ಟನಡುವೆ, ಆಳೆತ್ತರದ ಯಂತ್ರವೊಂದು ರಬ್ಬರಿನ ಅಂಗೈ ಚಾಚಿ ನಿಂತಿತ್ತು!

ಎಲ್ಲರೂ ಶವಾಸನದಲ್ಲಿ ಮಲಗಿದಾಗ ಒಬ್ಬೊಬ್ಬರ ಮೈಮೇಲೆ ಅಂಗೈಯಿಟ್ಟು ಪ್ರಾಣಶಕ್ತಿ ಹರಿಸುವುದು ಕಾತ್ಯಾಯಿನಿಯವರ ರೂಢಿ. ಆ ಬೆಚ್ಚನೆಯ ಸ್ಪರ್ಶಕ್ಕೆಂದೇ ಜನ ಬರುತ್ತಿದ್ದರು. ಆದರೆ ಯುಗಾದಿಯಿಂದೀಚೆಗೆ ಬಲಭುಜ ಹಿಡಿದುಕೊಂಡು, ಜಡೆ ಹಾಕಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ತರಗತಿ ನಿಲ್ಲಿಸುವ ಮಾತೆತ್ತಿದ್ದೇ ತಡ, ಪಕ್ಕದ ಮನೆಯ ಈ ನಿವೃತ್ತ ರೇಡಿಯೊ ಮೆಕ್ಯಾನಿಕ್ ಊಟ ನಿದ್ದೆ ಮರೆತು ಯಂತ್ರ ಕಟ್ಟಿದ್ದರು.

“ಇದು ನೋವನ್ನ ಹುಡುಕಿ ಎಳ್ಕೊಳ್ಳುತ್ತೆ!”

“ಎಳ್ಕೊಂಡು ಎಲ್ಲಿಡುತ್ತೆ?”

“ಅದನ್ನ ಯೋಚಿಸಿಲ್ಲ!” ಎನ್ನುತ್ತಲೇ ರಂಗಧಾಮಯ್ಯ ಗುಂಡಿ ಒತ್ತಿದರು.

ಯಂತ್ರ ಮೊದಲ ಚಾಪೆಯಲ್ಲಿ ಮಲಗಿದ್ದ ಚನ್ನಮಲ್ಲಪ್ಪನವರ ಮಂಡಿ ಮುಟ್ಟಿತು. “ಆಹಾ! ನೋವು ಮಾಯ!” ಎಂದು ಅವರು ಎದ್ದು ಕುಣಿದರು. ಆಮೇಲೆ ಪಕ್ಕದ ಚಾಪೆಯ ತುಳಸಿಯ ಕತ್ತು ಮುಟ್ಟಿತು.

“ಅಯ್ಯೋ! ಕತ್ತು ಬಿಡ್ತು, ಮಂಡಿ ಹಿಡ್ಕೊಳ್ತು!”

“ಅದು ನನ್ನ ನೋವು ಕಣಮ್ಮಾ!”

“ನಿಮ್ಮದಾದ್ರೆ ವಾಪಸ್ ತಗೊಳ್ಳಿ!”

ಅಷ್ಟರಲ್ಲಿ ಯಂತ್ರ ಸಾಲು ಪೂರ್ತಿ ಮುಟ್ಟಿ ಮುಗಿಸಿತ್ತು. “ನನ್ನ ಸೊಂಟ ನೋವು ಯಾರ ಹತ್ರ ಇದೆ?” “ಈ ಹಲ್ಲುನೋವು ಯಾರದ್ರೀ?” ತಾರಸಿ ಸಂತೆಯಾಯಿತು!

ಪ್ರಾಣಹಸ್ತ ಈಗ ಕಾತ್ಯಾಯಿನಿಯವರತ್ತ ತಿರುಗಿತು. “ಮೇಡಂ, ಓಡಿ!” ಎಂದು ಕೂಗುತ್ತಾ ರಂಗಧಾಮಯ್ಯ ಅದರ ಬೆನ್ನಿಗೆ ಜೋತುಬಿದ್ದು ತಂತಿಯೊಂದನ್ನು ಕಿತ್ತೆಸೆದರು. “ಕೊಡೋ ತಂತಿ ಕಿತ್ತೆ! ಇನ್ನು ಬರೀ ತಗೊಳ್ಳುತ್ತೆ!”

ಹಾಗೆಯೇ ಆಯಿತು. ಯಂತ್ರ ಮತ್ತೊಂದು ಸುತ್ತು ಬಂದು ಎಲ್ಲರ ನೋವನ್ನೂ ಬಳಿದುಕೊಂಡಿತು. ಕೊನೆಗೆ ಕಾತ್ಯಾಯಿನಿಯವರ ಭುಜದ ಮೇಲೆ ಅಂಗೈಯಿಟ್ಟಿತು. ಒಳಗೆ ಹೆಪ್ಪುಗಟ್ಟಿದ್ದೇನೋ ತುಪ್ಪದಂತೆ ಕರಗಿತು. ಅವರು ಕೈಯೆತ್ತಿದರು. ಕೈ ಕಿವಿ ದಾಟಿ, ತಲೆ ದಾಟಿ, ನೆಟ್ಟಗೆ ಆಕಾಶಕ್ಕೆ ಏರಿತು! ಅವರ ಕಣ್ಣಲ್ಲಿ ನೀರಾಡಿತು.

ಪ್ರಾಣಹಸ್ತ ಮಾತ್ರ “ಕರ್ರ್” ಎಂದು ನರಳಿ, ಮಂಡಿ ಕುಸಿದು, ಚಾಪೆಯ ಮೇಲೆ ಉರುಳಿತು. ಅದರ ಬಲಗೈ ಮತ್ತೆ ಮೇಲೇಳಲೇ ಇಲ್ಲ.

ಮರುದಿನದಿಂದ ಶವಾಸನದ ಹೊತ್ತಿಗೆ ಕಾತ್ಯಾಯಿನಿಯವರು ಮೊದಲು ಕೈಯಿಡುವುದು ಯಂತ್ರದ ಭುಜದ ಮೇಲೆ.

“ತಗಡಿಗೂ ಪ್ರಾಣಶಕ್ತಿನಾ ಮೇಡಂ?” ಎಂದು ತುಳಸಿ ನಕ್ಕಳು.

“ನನ್ನ ನೋವು ಹೊತ್ಕೊಂಡಿದೆ ಕಣೇ. ಇಷ್ಟಾದ್ರೂ ಮಾಡ್ಬೇಡ್ವಾ?” ಎಂದ ಅವರು ರಂಗಧಾಮಯ್ಯನವರತ್ತ ತಿರುಗಿ ಕೈಮುಗಿದರು. “ನಿಮ್ಮ ಋಣ ಹೇಗೆ ತೀರಿಸ್ಲಿ?”

ರಂಗಧಾಮಯ್ಯ ನರಳುತ್ತಿದ್ದ ಯಂತ್ರವನ್ನೇ ನೋಡುತ್ತಾ ಹೇಳಿದರು: “ಋಣ ಇರ್ಲಿ ಬಿಡಿ. ಮುಂದಿನದಕ್ಕೆ ಭುಜಾನೇ ಇಡಲ್ಲ.”