ಟಿಕೆಟ್ ಇಲ್ಲದೆ ಏನನ್ನೂ ಇಳಿಸುವುದಿಲ್ಲ

ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ. ಅವರ ಕೈಗೆ ಆಕಾಶದ ಉಸ್ತುವಾರಿ ಕೊಟ್ಟರೆ ಇಂದಿರಾನಗರದಲ್ಲಿ ಮಳೆಯೇ ಆಗುವುದಿಲ್ಲ. ಹನಿಗಳೆಲ್ಲ ಮೋಡದಲ್ಲೇ ಸಾಲಾಗಿ ನಿಂತು, ಎಲ್ಲಿಂದ ಬಂದಿರಿ, ಯಾರು ಕಳಿಸಿದರು, ಯಾಕೆ ಇಳಿಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರೆದುಕೊಡಬೇಕಾಗುತ್ತದೆ. ಉತ್ತರ ಸರಿಯಿದ್ದರೂ ಇಳಿಸುತ್ತಾರೆಂಬ ಖಾತ್ರಿಯಿಲ್ಲ! ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿರಾ? ಹಾಗಾದರೆ ನೀವು ಅವರ ಸುಪರ್ದಿಯಲ್ಲಿರುವ ಕಂಪ್ಯೂಟರಿನಲ್ಲಿ ಒಂದು ಫೈಲು ಡೌನ್‌ಲೋಡ್ ಮಾಡಿ ನೋಡಿಲ್ಲ ಎಂದರ್ಥ.

ಹೆಸರು ಹೇಳುವುದಿಲ್ಲ. ಹೇಳಿದರೆ ಅನುಮತಿ ಯಾರು ಕೊಟ್ಟರು ಎಂದು ಕೇಳುವ ಆಸಾಮಿ. ಹುದ್ದೆ ಸಿಸ್ಟಮ್ಸ್ ಮ್ಯಾನೇಜರ್, ವಯಸ್ಸು ಐವತ್ತರ ಆಸುಪಾಸು, ಮನೆ ಹಲಸೂರು. ನಮ್ಮದು ವಿಮಾನದಲ್ಲಿ ಸರಕು ಕಳಿಸುವವರಿಗೆ ಕಾಗದಪತ್ರ ಸಿದ್ಧಪಡಿಸಿಕೊಡುವ ಸಣ್ಣ ಕಂಪನಿ. ದಾವಣಗೆರೆಯಿಂದ ಬಂದು ಬಾಣಸವಾಡಿಯಲ್ಲಿ ಮನೆ ಮಾಡಿದ್ದ ನಾನು ಒಂದು ವರ್ಷ ಕೆಲಸವಿಲ್ಲದೆ ಕೂತು, ಕೊನೆಗೆ ಇಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲೆ ಸೇರಿದ್ದೆ. ಈ ಆರು ತಿಂಗಳಲ್ಲಿ ಒಂದು ದೊಡ್ಡ ತಪ್ಪಾದರೂ ಮನೆಗೇ ಎಂದು ಮಾಲೀಕರು ಮೊದಲ ದಿನವೇ ನಗುನಗುತ್ತಾ ಹೇಳಿದ್ದರು. ಇಂಥ ಮಾತನ್ನು ನಗುನಗುತ್ತಾ ಹೇಳುವವರನ್ನು ಕಂಡರೆ ನನಗೆ ಜಾಸ್ತಿ ಭಯ.

ಮೊದಲ ಆಘಾತಕ್ಕೆ ಬಹಳ ಹೊತ್ತು ಕಾಯಬೇಕಾಗಲಿಲ್ಲ. ಅದೇ ದಿನ ಹನ್ನೊಂದು ಗಂಟೆಗೆ ಒಂದು ಸರ್ಕಾರಿ ಅರ್ಜಿ ನಮೂನೆಯನ್ನು ಡೌನ್‌ಲೋಡ್ ಮಾಡಲು ಒತ್ತಿದೆ. ಪರದೆಯ ಮೇಲೆ ಅಚ್ಚಗನ್ನಡದಲ್ಲಿ ಒಂದು ಸಾಲು ಮೂಡಿತು: "ಇಲ್ಲಿ ಇಳಿಸಲು ಅವಕಾಶವಿಲ್ಲ." ನಾನು ಏನೋ ಕೆಡಿಸಿಬಿಟ್ಟೆ ಎಂದುಕೊಂಡೆ. ಅಷ್ಟರಲ್ಲಿ ಸಿಸ್ಟಮ್ಸ್ ಮ್ಯಾನೇಜರೇ ಎದುರಿಗೆ ಬಂದು ನಿಂತರು.

"ಟಿಕೆಟ್ ತಗೊಂಡ್ರಾ ಮೇಡಂ?"

"ಯಾವ ಟಿಕೆಟ್ ಸರ್?"

"ಸಿಸ್ಟಮ್ಸ್‌ಗೆ ಟಿಕೆಟ್ ಹಾಕ್ಬೇಕು. ಯಾವ ಫೈಲು, ಎಲ್ಲಿಂದು, ಯಾಕೆ ಬೇಕು ಅಂತ ಬರೀಬೇಕು. ಟಿಕೆಟ್ ಇಲ್ದೆ ಯಾರನ್ನೂ ಇಳ್ಸಲ್ಲ."

ಅವರ ತಂದೆ ಶಿವಾಜಿನಗರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದರಂತೆ. ಮಗನಿಗೆ ಬಸ್ಸು ಸಿಗಲಿಲ್ಲ, ನೆಟ್‌ವರ್ಕ್ ಸಿಕ್ಕಿತು. ಅಷ್ಟೇ ವ್ಯತ್ಯಾಸ! ಬ್ರೌಸರಿನಲ್ಲಿ ಯಾವ ಫೈಲೂ ನೇರವಾಗಿ ನಮ್ಮ ಕಂಪ್ಯೂಟರಿಗೆ ಇಳಿಯದಂತೆ ಬಿಗಿ ಮಾಡಿದ್ದರು. ನಾವು ಟಿಕೆಟ್ ಹಾಕಿದ ಮೇಲೆ ಆ ಫೈಲನ್ನು ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ತೆರೆದು, ಕನ್ನಡಕ ಹಣೆಗೇರಿಸಿ ಅದರ ಕುಲಗೋತ್ರವನ್ನೆಲ್ಲ ವಿಚಾರಿಸಿ, ತೃಪ್ತಿಯಾದರೆ ನಮಗೆ ದಯಪಾಲಿಸುತ್ತಿದ್ದರು. ಅಷ್ಟರಲ್ಲಿ ನಾನು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬೈಯಲು ಹೊಸ ಮಾತುಗಳನ್ನು ಹುಡುಕಿಕೊಂಡಿರುತ್ತಿದ್ದೆ.

ಎರಡನೆಯ ವಾರ ಒಂದು ನೋಟೀಸು ಬಂತು. "ಅನುಮತಿಯಿಲ್ಲದೆ ಏನನ್ನೂ ಇಳಿಸುವಂತಿಲ್ಲ. ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು." ಅದನ್ನು ಅವರು ಎಲ್ಲರಿಗೂ ಕಾಣಲಿ ಎಂದು ಬಾಗಿಲಿಗೇ ಅಂಟಿಸಿದರು. ಅಂದು ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಒಂದು ತೊಟ್ಟು ಕುಡಿಯುವ ನೀರಿರಲಿಲ್ಲ. ಜೋಗುಪಾಳ್ಯದ ಅಂಗಡಿಗೆ ಫೋನು ಮಾಡಿದರೆ, ಕ್ಯಾನು ತರುವ ನಡುವಯಸ್ಸಿನ ಮನುಷ್ಯ ಬಂದು ವಾಪಸು ಹೋದನಂತೆ.

"ಬಂದಿದ್ದೆ ಮೇಡಂ. ಎರಡು ಕ್ಯಾನು ಹೆಗಲ ಮೇಲೇ ಇತ್ತು. ಬಾಗ್ಲಲ್ಲಿ ಬರ್ದಿದಾರಲ್ಲ, ಕೇಳ್ದೆ ಇಳಿಸಂಗಿಲ್ಲ ಅಂತ. ಕೇಳಣ ಅಂದ್ರೆ ಯಾರೂ ಕಾಣ್ಲಿಲ್ಲ. ನಂಗ್ಯಾಕೆ ಬೇಕು ಅಂತ ವಾಪಸ್ ತಂದ್ಬಿಟ್ಟೆ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೊಬ್ಬರೇ ನಗಲಿಲ್ಲ. ತಮ್ಮ ನಿಯಮವನ್ನು ಅಕ್ಷರಶಃ ಪಾಲಿಸಿದ ಮೊದಲ ಮನುಷ್ಯ ಸಿಕ್ಕಿದನೆಂಬ ಸಂತೋಷ ಮುಖದಲ್ಲಿ ಕಾಣುತ್ತಿತ್ತು. ನೋಟೀಸು ತೆಗೆದರೇ? ಇಲ್ಲ! ಪೆನ್ನು ತೆಗೆದು ಕೆಳಗೆ "ನೀರಿನ ಕ್ಯಾನ್ ಹೊರತುಪಡಿಸಿ" ಎಂದು ಸೇರಿಸಿದರು.

ಇವೆಲ್ಲ ನಮ್ಮಂಥವರ ಪಾಡು ಎಂದುಕೊಂಡಿದ್ದೆ. ಒಂದು ದಿನ ಮಾಲೀಕರೇ ತಮ್ಮ ಕೋಣೆಯಿಂದ ಕೂಗು ಹಾಕಿದರು. ಮಧ್ಯಾಹ್ನ ಅವರಿಗೆ ಮುಂಬೈ ವಿಮಾನವಿತ್ತು. ವಿಮಾನದ ಟಿಕೆಟ್ ಡೌನ್‌ಲೋಡ್ ಆಗುತ್ತಿರಲಿಲ್ಲ.

"ಏನ್ರೀ ಇದು, ನನ್ನ ಟಿಕೆಟ್ಟೇ ಬರ್ತಿಲ್ಲ."

"ಟಿಕೆಟ್ ಇಳಿಸೋಕೆ ಒಂದು ಟಿಕೆಟ್ ಹಾಕಿ ಸರ್."

"ನಾನು ಈ ಕಂಪನಿ ಓನರ್ ಕಣ್ರೀ."

"ಗೊತ್ತು ಸರ್. ಟಿಕೆಟ್‌ನಲ್ಲಿ ಹುದ್ದೆ ಅಂತ ಒಂದು ಕಾಲಂ ಇದೆ, ಅಲ್ಲಿ ಅದನ್ನೇ ಬರೀರಿ."

ನಾನು ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟುಕೊಂಡು ಕೇಳಿಸಿಕೊಳ್ಳುತ್ತಾ ಕೂತೆ. ಇವತ್ತು ಇವರ ಕಥೆ ಮುಗಿಯಿತು ಎಂದುಕೊಂಡೆ. ಮಾಲೀಕರು ಹಲ್ಲು ಕಚ್ಚಿ ಟಿಕೆಟ್ ಹಾಕಿದರು! ನನಗೆ ಸಿಡಿಲು ಬಡಿದಂತಾಯಿತು. ಇಷ್ಟು ಧೈರ್ಯವಿರುವ ಮನುಷ್ಯನಿಗೆ ಕೆಲಸದ ಆಸೆಯೇ ಇಲ್ಲವೇ? ಅಥವಾ ತಲೆಯೇ ಸರಿಯಿಲ್ಲವೇ?

ತಲೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ರಸೆಲ್ ಮಾರುಕಟ್ಟೆಯಲ್ಲಿ ಒಮ್ಮೆ ಅವರು ಕಣ್ಣಿಗೆ ಬಿದ್ದಿದ್ದರು. ಒಂದೇ ಒಂದು ಕಿತ್ತಳೆ ಕೊಂಡು, ಅಲ್ಲೇ ಸುಲಿದು ತಿಂದು, ಹತ್ತು ನಿಮಿಷ ಹೊಟ್ಟೆ ಏನು ಹೇಳುತ್ತದೆಂದು ಕಾಯ್ದು, ಆಮೇಲೆ ಒಂದು ಡಜನ್ ಕಟ್ಟಿಸಿಕೊಂಡರು. ಹಣ್ಣಿನವರು ಉರ್ದುವಿನಲ್ಲಿ ಏನೋ ಗೊಣಗಿದರು. ನನಗೆ ಭಾಷೆ ಬರದಿದ್ದರೂ ಭಾವಾರ್ಥ ತಿಳಿಯಿತು.

ನನ್ನ ಆರನೆಯ ತಿಂಗಳು ಬಂತು. ಕೊನೆಯ ವಾರದ ಶುಕ್ರವಾರ ನಾಲ್ಕು ಗಂಟೆಗೆ ನಮ್ಮ ದೊಡ್ಡ ಗ್ರಾಹಕರಿಂದ ಒಂದು ಮೇಲ್ ಬಂತು. ಸರಕಿನ ಪಟ್ಟಿ ಬದಲಾಗಿದೆ, ಹೊಸ ಪಟ್ಟಿಯ ಲಿಂಕ್ ಕೆಳಗಿದೆ, ತಕ್ಷಣ ಇಳಿಸಿಕೊಳ್ಳಿ ಎಂದಿತ್ತು. ಐದಕ್ಕೆ ಕಾಗದಪತ್ರ ಹೋಗದಿದ್ದರೆ ಸರಕು ಅಂದಿನ ವಿಮಾನ ಹತ್ತುವುದಿಲ್ಲ. ಸರಕು ಹತ್ತದಿದ್ದರೆ ನಾನು ಮನೆಯ ಬಸ್ಸು ಹತ್ತಬೇಕು. ಒತ್ತಿದೆ. "ಇಲ್ಲಿ ಇಳಿಸಲು ಅವಕಾಶವಿಲ್ಲ." ಮತ್ತೆ ಒತ್ತಿದೆ. ಗಡಿಯಾರ ನೋಡುತ್ತಾ ಒತ್ತುತ್ತಲೇ ಹೋದೆ. ಟಿಕೆಟ್ಟನ್ನೂ ಹಾಕಿದೆ. ಅವರು ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದೇ ಮಾತಿನಲ್ಲಿ ಮುಗಿಸಿದರು.

"ಇದನ್ನ ಇಳ್ಸಲ್ಲ ಮೇಡಂ."

ಆರು ತಿಂಗಳಿಂದ ಕೂಡಿಟ್ಟದ್ದೆಲ್ಲ ಹೊರಗೆ ಬಂತು. "ನಿಮಗೇನ್ರೀ ಸರ್, ನಿಮ್ಮ ಕೆಲಸ ಗಟ್ಟಿ ಐತಿ. ನನ್ನ ಕೆಲಸ ಹೋದ್ರೆ ನೀವು ಕೊಡ್ತೀರೇನು? ಒಂದು ವರ್ಷ ಮನ್ಯಾಗ ಕುಂತು ಬಂದೀನಿ ನಾನು."

ಅವರು ಫೋನು ಎತ್ತಿ ಗ್ರಾಹಕರ ಕಚೇರಿಗೆ ಮಾಡಿ, ಎರಡು ಮಾತಾಡಿ, ಫೋನನ್ನು ನನ್ನ ಕಿವಿಗೆ ಹಿಡಿದರು. ಆ ಕಡೆಯವರು ಹೇಳಿದರು: ನಾವು ಯಾವ ಹೊಸ ಪಟ್ಟಿಯನ್ನೂ ಕಳಿಸಿಲ್ಲ. ಮೇಲ್ ವಿಳಾಸ ನೋಡಿದೆ. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಇತ್ತು. ಅದು ವೈರಸ್ ಫೈಲು; ಇಳಿದಿದ್ದರೆ ಆಫೀಸಿನ ಅಷ್ಟೂ ಕಂಪ್ಯೂಟರುಗಳಿಗೆ ಬೀಗ ಬೀಳುತ್ತಿತ್ತಂತೆ. ಹಳೆಯ ಪಟ್ಟಿಯೇ ಸರಿಯಾಗಿತ್ತು. ಕಾಗದಪತ್ರಗಳನ್ನು ಐದರೊಳಗೆ ಕಳಿಸಿದ್ದು ಹೇಗೆಂದು ಈಗಲೂ ನೆನಪಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಯಾವ ಕಂಪ್ಯೂಟರಿನಲ್ಲಿ ಏನೇನು ತಡೆಹಿಡಿಯಲಾಯಿತು ಎಂಬ ವಾರದ ವರದಿ ತಾನಾಗಿಯೇ ಮಾಲೀಕರಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಅವರು ನನ್ನನ್ನೂ ಸಿಸ್ಟಮ್ಸ್ ಮ್ಯಾನೇಜರರನ್ನೂ ಕರೆದರು. ವರದಿ ಮೇಜಿನ ಮೇಲಿತ್ತು. ಮಾಲೀಕರು ನಗುತ್ತಿದ್ದರು.

"ವೈರಸ್ ಫೈಲು. ಈ ಮೇಡಂ ಸಿಸ್ಟಮ್‌ನಿಂದ ಹನ್ನೊಂದು ಸಲ ಒತ್ತಿದಾರೆ. ಯಾರು ಒತ್ತಿದ್ದು?"

ನಾನು ಬಾಯಿ ತೆರೆದೆ. ಪಕ್ಕದಿಂದ ಮ್ಯಾನೇಜರರ ದನಿ ಕೇಳಿಸಿತು.

"ನಾನೇ ಸರ್. ಮೇಡಂ ಸೀಟಲ್ಲಿ ಕೂತು ಟೆಸ್ಟ್ ಮಾಡ್ದೆ. ಬಾಗ್ಲು ಗಟ್ಟಿ ಇದ್ಯಾ ಅಂತ."

"ಹನ್ನೊಂದು ಸಲಾನಾ?"

"ಟೆಸ್ಟ್ ಅಂದ್ಮೇಲೆ ಸರಿಯಾಗೇ ಮಾಡ್ಬೇಕಲ್ಲ ಸರ್."

ಮಾಲೀಕರು ಅವರನ್ನೊಮ್ಮೆ, ಚಾವಣಿಯನ್ನೊಮ್ಮೆ ನೋಡಿದರು. ಬೇರೆ ಯಾರು ಈ ಮಾತು ಹೇಳಿದ್ದರೂ ನಂಬುತ್ತಿರಲಿಲ್ಲ. ಇವರು ಹೇಳಿದ್ದರಿಂದ ನಂಬಿದರು. "ನಿಮ್ಮ ತಲೇನೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ," ಎಂದು ವರದಿಯನ್ನು ಪಕ್ಕಕ್ಕೆ ಸರಿಸಿದರು. ಅದೇ ವಾರ ನನ್ನ ಕೆಲಸ ಕಾಯಂ ಆಯಿತು.

ನನಗಾದ ದಿಗ್ಭ್ರಮೆಯನ್ನು ಹೇಗೆ ಹೇಳಲಿ! ಒಂದು ಅರ್ಜಿ ನಮೂನೆಗೆ ಮೂರು ಪ್ರಶ್ನೆ ಕೇಳುವ ಮನುಷ್ಯ, ನನಗಾಗಿ ಹಸಿಹಸಿ ಸುಳ್ಳು ಹೇಳಿದ್ದರು. ಸಂಜೆ ಮೆಟ್ಟಿಲಿಳಿಯುವಾಗ ಅವರನ್ನು ಹಿಡಿದೆ.

"ಯಾಕ್ರೀ ಸರ್ ಸುಳ್ಳು ಹೇಳಿದ್ರಿ? ಒತ್ತಿದ್ದು ನಾನು. ಅದೂ ಹನ್ನೊಂದು ಸಲ."

ಅವರು ಕೈಯಲ್ಲಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿದರು.

"ನಮ್ಮಕ್ಕ ಒಂದೇ ಸಲ ಒತ್ತಿದ್ದು ಮೇಡಂ. ಹಳೇ ಆಫೀಸಲ್ಲಿ. ನಾನೇ ಅಲ್ಲಿ ಕೆಲಸ ಕೊಡ್ಸಿದ್ದೆ. ಆಗ ಸಿಸ್ಟಮ್ಸ್‌ನಲ್ಲೂ ನಾನೇ ಇದ್ದೆ. ಎಲ್ರೂ ಬೈತಾರೆ ಅಂತ ಎಲ್ಲಾ ಓಪನ್ ಬಿಟ್ಟಿದ್ದೆ. ಕೊರಿಯರ್ ರಸೀದಿ ಅನ್ಕೊಂಡು ಒಂದ್ಸಲ ಒತ್ತಿದ್ಲು. ಎಲ್ಲಾ ಸಿಸ್ಟಮ್‌ಗೂ ಬೀಗ ಬಿತ್ತು. ಸಂಜೆಗೆ ಅವಳನ್ನ ಮನೆಗೆ ಕಳಿಸಿದ್ರು. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ."

ಅಕ್ಕ ಈಗ ಹೇಗಿದ್ದಾರೆ ಎಂದೆ.

"ಚೆನ್ನಾಗಿದಾಳೆ. ಕಂಪ್ಯೂಟರ್ ಮುಟ್ಟಲ್ಲ, ಅಷ್ಟೇ. ಅವತ್ತಿಂದ ಇವತ್ತಿನವರೆಗೂ ನನಗೆ ಒಂದು ಮಾತೂ ಅಂದಿಲ್ಲ. ಹೋದಾಗೆಲ್ಲ ಮೊದ್ಲು ನನಗೇ ಬಡಿಸ್ತಾಳೆ."

ಇಷ್ಟು ಹೇಳಿ ಅವರು ಹೆಲ್ಮೆಟ್ಟು ಹಾಕಿಕೊಂಡುಬಿಟ್ಟರು. ಗಾಡಿ ನಿಲ್ಲಿಸಿದ್ದ ಜಾಗ ಇನ್ನೂ ದೂರವಿತ್ತು. ಆ ದೂರವನ್ನೆಲ್ಲ ಅವರು ಗಾಜು ಇಳಿಬಿಟ್ಟುಕೊಂಡೇ ನಡೆದರು. ನಾನೂ ಮುಖ ನೋಡಲು ಹೋಗದೆ ಪಕ್ಕದಲ್ಲೇ ನಡೆದೆ.