ಟೈಲರಣ್ಣನ ಸ್ಟ್ಯಾಂಡರ್ಡು

ಬೀದಿಯವರೆಲ್ಲ ಟೈಲರಣ್ಣ ಅಂತ ಕರೆಯುತ್ತಿದ್ದ ಆ ಮನುಷ್ಯ ಓದಿದ್ದು ಏಳನೇ ಸ್ಟ್ಯಾಂಡರ್ಡು. ಹೆಂಡತಿಯೋ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಕೆಲಸದಲ್ಲಿದ್ದಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಈ ಅಂತರ ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು. (ಅವಳಿಗೆ ಅದು ನೆನಪೇ ಇರಲಿಲ್ಲ, ಆ ಮಾತು ಬೇರೆ.)

ಒಂದು ಸಂಜೆ ಅಂಗಡಿ ಮುಚ್ಚಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಹೆಂಡತಿ ಫೋನಿನಲ್ಲಿದ್ದಳು.

“ಯಾವ ಸ್ಟ್ಯಾಂಡರ್ಡು ಅಂತ ಕೇಳಿದ್ರೆ ಜಾರಿಕೊಳ್ತಾರೆ ಸರ್. ಕೂತು ಒಂದೊಂದೇ ಪ್ರಶ್ನೆ ಹಾಕಿ ನೋಡ್ತೀನಿ. ಹೊಂದದೇ ಹೋದ್ರೆ ಬೇರೆಯದನ್ನ ನೋಡೋಣ.”

ಇದು ತನ್ನ ಏಳನೇ ಸ್ಟ್ಯಾಂಡರ್ಡಿನ ಮಾತೇ ಅಂದುಕೊಂಡ ಟೈಲರಣ್ಣ. (ಬೇರೆ ಗಂಡ ಅಂತಲೂ ಅನ್ನದೆ, ಸಾಮಾನಿನ ಹಾಗೆ ‘ಬೇರೆಯದು’ ಅಂದಳಲ್ಲ ಅನ್ನೋದೇ ಹೆಚ್ಚು ನೋವು.) ಸದ್ದಿಲ್ಲದೆ ಅಡುಗೆಮನೆ ಹೊಕ್ಕು, ಅನ್ನ ಸಾರು ಮಾಡಿ, ತಲೆ ಬಾಚಿಕೊಂಡು ಬಂದು ನಿಂತ.

“ಮಡದಿಯೇ, ಭೋಜನ ಸಿದ್ಧವಾಗಿದೆ. ತಾವು ದಯಮಾಡಿಸಬೇಕು.”

ಅವಳು ಎದ್ದು ಬಂದು ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪೆಲ್ಲಿ ಅಂತ ಕೇಳಿದರೆ, ಇನ್‌ಸ್ಪೆಕ್ಟರ್ ಎದುರು ನಿಂತ ವಿದ್ಯಾರ್ಥಿಯ ಹಾಗೆ ಎದ್ದು ನಿಂತು ಉತ್ತರ ಕೊಟ್ಟ. ಏನಾಯಿತೆಂದು ಅವಳು ಗದರಿಸಿದ ಮೇಲೆ ಬಾಯಿಬಿಟ್ಟ. “ಪರೀಕ್ಷೆ ಮಾಡೋದಾದ್ರೆ ಮಾಡು. ಬೇರೆಯದನ್ನ ನೋಡೋಕೆ ಮುಂಚೆ ನಂಗೊಂದು ಅವಕಾಶ ಕೊಡು.”

ಅವಳಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ನೀರು ಕುಡಿದು ವಿವರಿಸಿದಳು. ಆಸ್ಪತ್ರೆಗೆ ರೋಗಿಗಳ ದಾಖಲೆ ಇಡುವ ಹೊಸ ಡೇಟಾಬೇಸ್ ಬರಬೇಕು. ಅದಕ್ಕೆ ಪ್ರಶ್ನೆ ಹಾಕುವ ಭಾಷೆ ಎಸ್‌ಕ್ಯೂಎಲ್. ಆ ಭಾಷೆಯ ನಿಯಮಗಳಿಗೇ ಸ್ಟ್ಯಾಂಡರ್ಡು ಅನ್ನುವುದು, ಅವನ್ನು ಆಗಾಗ ತಿದ್ದುತ್ತಾರೆ. ಮಾರುವವರು ‘ನಿಯಮ ಪಾಲಿಸುತ್ತೆ’ ಅನ್ನುತ್ತಾರೆಯೇ ಹೊರತು ಯಾವ ವರ್ಷದ್ದು ಅಂತ ಹೇಳುವುದಿಲ್ಲ.

ಊಟ ಮುಗಿಸಿ ಅವಳು ಪರೀಕ್ಷೆಗೆಂದು ಕಂಪ್ಯೂಟರ್ ತೆರೆದಾಗ, ಹೋದ ಜೀವ ಬಂದಂತಾಗಿ ಟೈಲರಣ್ಣ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ತೊಂಬತ್ತೆರಡನೇ ಇಸವಿಯ ನಿಯಮದಂತೆ ಕೇಳಿದ್ದಕ್ಕೆಲ್ಲ ಡೇಟಾಬೇಸ್ ಪಟಪಟ ಉತ್ತರ ಕೊಟ್ಟಿತು. ಆಮೇಲಿನ ವರ್ಷಗಳದ್ದರಲ್ಲಿ ಕೆಲವಕ್ಕೆ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯಿತು. ಪ್ರತಿ ಕೆಂಪಿಗೂ ಅವನ ಮುಖ ಬಾಡುತ್ತಿತ್ತು.

“ಪಾಪ, ಬರಲ್ಲ ಅಂತ ನೇರವಾಗಿ ಹೇಳ್ತಿದೆಯಲ್ಲ, ಇಟ್ಕೊಳ್ಳಿ,” ಎಂದು ವಕಾಲತ್ತು ವಹಿಸಿದ.

“ನಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಬರುತ್ತೆ. ಇಟ್ಕೊಳ್ತೀವಿ,” ಎಂದಳು ಅವಳು. ಪರದೆಯಿಂದ ಕಣ್ಣು ತೆಗೆಯದೆಯೇ ಸೇರಿಸಿದಳು, “ನಿಮ್ಮನ್ನೂ ಅಷ್ಟೇ. ಗೊತ್ತಿದ್ದೇ ಒಪ್ಕೊಂಡಿದ್ದು. ಇವತ್ತೇನು ಹೊಸದಾಗಿ ನೋಡೋದು?”

ಟೈಲರಣ್ಣನ ಕಣ್ಣು ತುಂಬಿ ಬಂತು. ಎದ್ದು ನಿಂತು, ಕೈಮುಗಿದು, “ಧನ್ಯನಾದೆ,” ಎಂದ.

“ಆ ನಾಟಕದ ಭಾಷೆ ಮಾತ್ರ ಈ ಮನೇಲಿ ನಡೆಯಲ್ಲ,” ಎಂದಳು. “ಪಾತ್ರೆ ತೊಳೀರಿ, ಸಾಕು.”