ಗೆಬ್ರಾಯ್‌ನ ಹ್ಯಾಂಡಲ್

ಆ ಬೆಳಿಗ್ಗೆ ಉಕ್ಬಾಯ್ ಕ್ಷೌರದ ಕತ್ತಿ ಕೈಗೆತ್ತಿಕೊಂಡಾಗ ಅವನ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಒಟ್ಟಿಗೆ ರಜೆ ಹಾಕಿದ್ದವು. ಚಿವುಟಿದ. ಕಚ್ಚಿಯೂ ನೋಡಿದ. ಊಹೂಂ. ಕುರ್ಚಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಬೆರಾಖಿ ಮುಖದ ತುಂಬ ನೊರೆ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಎಡಗೆನ್ನೆ ಹೇಗೋ ಮುಗಿಯಿತು. ಬಲಗೆನ್ನೆಗೆ ಬರುವ ದಾರಿಯಲ್ಲಿ ಕತ್ತಿ ಕಿವಿಯ ತುದಿಯನ್ನು ಮಾತಾಡಿಸಿಬಿಟ್ಟಿತು.

"ಅಯ್ಯೋ! ಗಡ್ಡ ತೆಗಿ ಅಂದೆ ಕಣಯ್ಯಾ, ಕಿವಿ ತೆಗಿ ಅಂದ್ನಾ?"

"ತಪ್ಪಾಯ್ತು ಮೇಷ್ಟ್ರೇ. ಬೆರಳು ಜೋಮು ಹಿಡಿದಿದೆ. ಸೈಕಲ್ ತುಳ್ಕೊಂಡು ಬಂದ್ರೆ ದಿನಾ ಇದೇ ಗೋಳು."

ಕಾಯುತ್ತ ಕೂತಿದ್ದ ಇಬ್ಬರು ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಾಳೆ ಬರ್ತೀವಿ" ಎಂದು ಎದ್ದೇಬಿಟ್ಟರು.

ಸೈಕಲ್ಲು ಗೆಬ್ರಾಯ್‌ನದು. ಅಸ್ಮರಾದ ರಸ್ತೆಗಳಲ್ಲಿ ವಯಸ್ಸಿನಲ್ಲಿ ರೇಸು ಓಡಿಸಿದವನು, ಆರಡಿ ಮೀರಿದ ಆಳು. ಹೋದ ವರ್ಷ ತೀರಿಕೊಂಡ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಅವನ ಹೆಂಡತಿ ಅಬ್ರೆಹೆತ್, ಗಂಡನ ಬಾಲ್ಯದ ಗೆಳೆಯನೆಂದು ಅದನ್ನು ಉಕ್ಬಾಯ್‌ಗೆ ಕೊಟ್ಟಿದ್ದಳು. ಉಕ್ಬಾಯ್‌ನೋ, ಎತ್ತರದ ಗಿರಾಕಿ ಬಂದರೆ ಮಣೆ ಹತ್ತಿ ನಿಲ್ಲುವವನು. ಹ್ಯಾಂಡಲ್ ತಗ್ಗಿನಲ್ಲಿ, ಬಲು ದೂರದಲ್ಲಿ. ಅದನ್ನು ಹಿಡಿಯಲು ಹೋಗಿ ಅವನು ಸೈಕಲ್ಲಿನ ಮೇಲೆ ಒಣಹಾಕಿದ ಪ್ಯಾಂಟಿನ ಹಾಗೆ ಜೋತುಬೀಳುತ್ತಿದ್ದ. ಆದರೂ ಗೆಳೆಯ ಕೈಯಾರೆ ಬಿಗಿದ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಮನಸ್ಸು ಬಂದಿರಲಿಲ್ಲ.

"ಮೈಯ ಭಾರವೆಲ್ಲ ಅಂಗೈ ಮೇಲೆ ಬೀಳ್ತಿದೆ," ಎಂದು ಮೇಷ್ಟ್ರು ಕಿವಿಗೆ ಹತ್ತಿ ಒತ್ತಿಕೊಂಡೇ ತೀರ್ಪು ಕೊಟ್ಟರು. "ಹ್ಯಾಂಡಲ್ ಎತ್ತಬೇಕು, ಹತ್ತಿರ ತರಬೇಕು. ಇಲ್ದಿದ್ರೆ ನಿನ್ನ ಅಂಗಡಿಗೆ ಕಿವಿ ಇರೋನು ಯಾವನೂ ಬರಲ್ಲ. ನಡಿ!"

"ನಿಮ್ಮ ಅರ್ಧ ಗಡ್ಡ?"

"ಕಾಯುತ್ತೆ ಬಿಡು."

ಎದುರಿಗೇ ಅಸ್ಗೆದೋಮ್‌ನ ಸೈಕಲ್ ರಿಪೇರಿ ಅಂಗಡಿ. ಅವನು ಬೋಲ್ಟು ಸಡಿಲಿಸಿ, ಸಂದಿಗೆ ಸೀಮೆಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಬಡಿದ. ತುಕ್ಕು ಹಿಡಿದ ಹ್ಯಾಂಡಲ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವನು ಚಕ್ರವನ್ನು ಮಂಡಿಯಲ್ಲಿ ಅವುಚಿದ, ಮೇಷ್ಟ್ರು ಅವನ ಸೊಂಟ ಹಿಡಿದರು, ಉಕ್ಬಾಯ್ ಹ್ಯಾಂಡಲ್ ಜಗ್ಗಿದ. ಪಟಕ್ಕನೆ ಅದು ಕಿತ್ತು ಬಂದು ಮೂವರೂ ರಸ್ತೆಯಲ್ಲಿ ಕುಕ್ಕರಿಸಿದರು. ಕಾಫಿ ಅಂಗಡಿಯ ಜಗಲಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

"ಮೊಣಕೈ ಸೀಟಿನ ತುದಿಗಿಟ್ರೆ ಬೆರಳ ತುದಿ ಹ್ಯಾಂಡಲ್‌ಗೆ ತಾಕಬೇಕು," ಎಂದು ಮೇಷ್ಟ್ರು, ಅಸ್ಗೆದೋಮ್ ಹ್ಯಾಂಡಲನ್ನು ಮತ್ತೆ ತೂರಿಸುತ್ತಿದ್ದಂತೆ, ತಮ್ಮ ಉದ್ದನೆಯ ಕೈಯನ್ನೇ ಇಟ್ಟು ಅಳೆದರು.

"ತುಳಿಯೋರು ನೀವಾ, ಅವನಾ?" ಎಂದ ಅಸ್ಗೆದೋಮ್.

"ಸರಿ, ಉದ್ದ ಬಿಡು. ಇನ್ನೊಂಚೂರು ಎತ್ತು."

"ಇಲ್ಲೊಂದು ಗೆರೆ ಇದೆ ಮೇಷ್ಟ್ರೇ. ಇದು ಆಚೆ ಕಾಣಿಸಬಾರದು. ಕಾಣಿಸಿದ್ರೆ ಹಿಡಿತ ಸಾಲದೆ ಹ್ಯಾಂಡಲ್ ಕಿತ್ಕೊಂಡು ಬರುತ್ತೆ."

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಅಸ್ಗೆದೋಮ್ ಒಳಗೆ ಎಣ್ಣೆ ತರಲು ಹೋದಾಗ ತಾವೇ ಹ್ಯಾಂಡಲನ್ನು ಎರಡು ಬೆರಳಿನಷ್ಟು ಮೇಲೆತ್ತಿ ಬೋಲ್ಟು ತಿರುಗಿಸಿ, "ಹೊರಡು!" ಎಂದರು.

ಉಕ್ಬಾಯ್ ಮೆರವಣಿಗೆ ಹೊರಟ ಪಾದ್ರಿಯ ಹಾಗೆ ನೆಟ್ಟಗೆ ಕೂತು ಇಳಿಜಾರಿನಲ್ಲಿ ಹೊರಟ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ. ಹ್ಯಾಂಡಲ್ ತಿರುಗಿತು, ಸೈಕಲ್ ತಿರುಗಲಿಲ್ಲ. ಕಿತ್ತು ಕೈಗೆ ಬಂದ ಹ್ಯಾಂಡಲ್ ಹಿಡಿದುಕೊಂಡೇ ಅವನು ನೇರವಾಗಿ ಪಾಪಾಸುಕಳ್ಳಿ ಹಣ್ಣಿನ ರಾಶಿಯೊಳಗೆ ಹೋಗಿ ಬಿದ್ದ.

"ಹಣ್ಣು ಬೇಕಿದ್ರೆ ಕೇಳಬಾರದಾ ಅಣ್ಣ?" ಎಂದಳು ಹಣ್ಣಿನವಳು. "ಹೀಗೆ ಈಜಿಕೊಂಡೇ ಬರಬೇಕಾ?"

ಮಧ್ಯಾಹ್ನದವರೆಗೆ ಮುಳ್ಳು ಕೀಳುವ ಕೆಲಸ. ಜೋಮು ಹಿಡಿದ ಎರಡು ಬೆರಳಿಗೆ ಮಾತ್ರ ನೋವೇ ಗೊತ್ತಾಗಲಿಲ್ಲ, ಅಷ್ಟೇ ಲಾಭ.

ಊಟವಾದ ಮೇಲೆ ಅಸ್ಗೆದೋಮ್ ಮೇಷ್ಟ್ರನ್ನು ದೂರದ ಸ್ಟೂಲಿನಲ್ಲಿ ಕೂರಿಸಿ, "ಅಲ್ಲಿಂದ ಅಲ್ಲಾಡಿದ್ರೆ ನೋಡಿ," ಎಂದ. ಹಳೆಯ ಡಬ್ಬ ತಡಕಿ, ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ಕತ್ತುಗಳಲ್ಲಿ ಮುಂದಕ್ಕೆ ಅಷ್ಟಾಗಿ ಚಾಚದೆ ಮೇಲಕ್ಕೆ ಬಾಗಿದ್ದೊಂದನ್ನು ಹುಡುಕಿದ. ಗೆರೆ ಮುಚ್ಚುವಂತೆ ಇಳಿಸಿದ, ಸೀಟನ್ನು ಒಂದು ಬೆರಳು ಮುಂದೆ ಸರಿಸಿದ, ಉಕ್ಬಾಯ್‌ನ ಕೈಯಿಂದಲೇ ಅಳೆದ, ಬಿಗಿ ಮಾಡಿ ಜಗ್ಗಿ ನೋಡಿದ.

ಈ ಸಲ ಉಕ್ಬಾಯ್ ಎರಡು ಸುತ್ತು ಹೊಡೆದು ಬಂದ. ಹೆಗಲು ಹಗುರ, ಮೊಣಕೈ ಸಡಿಲ. ವರ್ಷದಿಂದ ಮುಂದಿನ ಚಕ್ರವನ್ನಷ್ಟೇ ನೋಡಿದ್ದವನಿಗೆ ಬೀದಿಯಲ್ಲಿ ಜನರ ಮುಖ ಕಂಡವು. ಸಂಜೆಗೆ ಕಿರುಬೆರಳಿಗೆ ಜೀವ ಬಂದಿತ್ತು. ಮೇಷ್ಟ್ರ ಬಲಗೆನ್ನೆ ಒಂದು ಗೀರೂ ಇಲ್ಲದೆ ಮುಗಿಯಿತು.

ಸಿಳ್ಳೆ ಹಾಕುತ್ತ ಮನೆಗೆ ಹೊರಟವನನ್ನು ಅಬ್ರೆಹೆತ್ ತನ್ನ ಗೇಟಿನ ಹತ್ತಿರ ತಡೆದಳು.

"ಏನೋ ಇದು, ಬೆನ್ನಿಗೆ ಕೋಲು ಕಟ್ಟಿಸ್ಕೊಂಡಿದ್ದೀಯಾ?"

"ಹ್ಯಾಂಡಲ್ ಎತ್ತಿಸಿದೆ ಅತ್ತಿಗೆ!"

ಅವಳು ಹ್ಯಾಂಡಲನ್ನು ಒಮ್ಮೆ ಮುಟ್ಟಿದಳು. "ಒಳ್ಳೇದಾಯ್ತು ಬಿಡು. ತುಳಿಯೋನಿಗೆ ಹೊಂದಬೇಕಲ್ಲ." ಆಮೇಲೆ ತನ್ನಷ್ಟಕ್ಕೆ ನಕ್ಕಳು. "ಹೇಳಿದ್ರೆ ನಗ್ತೀಯ. ದಿನಾ ಬೆಳಿಗ್ಗೆ ನೀನು ಹೋಗೋ ಹೊತ್ತಿಗೆ ಕಿಟಕೀಲಿ ನಿಲ್ತಿದ್ದೆ, ಕನ್ನಡಕ ತೆಗೆದಿಟ್ಟು. ಹಿಂದಿನಿಂದ ಆ ಬಾಗಿದ ಬೆನ್ನು ನೋಡಿದ್ರೆ ಅವರೇ. ತಿರುವು ದಾಟೋವರೆಗೂ ಅವರೇ. ಆಮೇಲೆ ಕನ್ನಡಕ ಹಾಕ್ಕೊಂಡು ಕಾಫಿ ಹುರಿಯೋಕೆ ಹೋಗ್ತಿದ್ದೆ."

ಉಕ್ಬಾಯ್ ಎರಡೂ ಕೈಯಿಂದ ಹ್ಯಾಂಡಲನ್ನು ಮುಚ್ಚಿ ಹಿಡಿದ.

"ಇದು... ಇದು ಇವತ್ತೊಂದು ದಿನಕ್ಕೆ ಅತ್ತಿಗೆ. ಅಸ್ಗೆದೋಮ್ ಹತ್ರ ಸರಿಯಾದ ಬೋಲ್ಟ್ ಇರಲಿಲ್ಲ. ನಾಳೆ ಮೊದಲಿನ ಹಾಗೇ ಆಗುತ್ತೆ."

"ಅಷ್ಟು ಬಗ್ಗಿದ್ರೆ ನಿನಗೆ ನೋವಾಗಲ್ವೇನೋ?"

"ನನಗಾ? ದಿಂಬಿಗೆ ಒರಗಿದ ಹಾಗಿರುತ್ತೆ!"

ಉಕ್ಬಾಯ್ ಸೈಕಲ್ ತಿರುಗಿಸಿ ವಾಪಸ್ಸು ಹೋದಾಗ ಅಸ್ಗೆದೋಮ್ ಅಂಗಡಿಯ ಬಾಗಿಲು ಎಳೆಯುತ್ತಿದ್ದ.

"ಹಳೇ ಕತ್ತು ಇದೆಯೇನೋ? ಅದನ್ನೇ ಹಾಕು. ಎಲ್ಲ ಮೊದಲಿದ್ದ ಹಾಗೇ ಇರಬೇಕು."

"ತಲೆ ಕೆಟ್ಟಿದೆಯಾ? ಮೇಷ್ಟ್ರು ಮತ್ತೆ ಸಿಕ್ಕಿದ್ರಾ?"

ಉಕ್ಬಾಯ್ ವಿಷಯ ಹೇಳಿದ. ಅಸ್ಗೆದೋಮ್ ಬಾಗಿಲು ಮೇಲೆತ್ತಿ ಸ್ಪ್ಯಾನರ್ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಉಕ್ಬಾಯ್ ಸೈಕಲ್ಲಿನ ಮೇಲೆ ಉದ್ದಕ್ಕೂ ಚಾಚಿಕೊಂಡು, ಬೇಕೆಂದೇ ಇನ್ನೂ ಸ್ವಲ್ಪ ಬಾಗಿ, ಅಬ್ರೆಹೆತ್ತಳ ಮನೆ ದಾಟಿದ. ಹಿಂದಿನಿಂದ ಕಿಟಕಿ ತೆರೆದ ಸದ್ದಾಯಿತು.

"ಮೆಲ್ಲಗೆ ಹೋಗ್ರೀ! ತಿರುವಿನಲ್ಲಿ ಮರಳಿದೆ!"

ಅವಳು ಉಕ್ಬಾಯ್‌ನನ್ನು ಒಂದು ದಿನವೂ ಬಹುವಚನದಲ್ಲಿ ಕರೆದವಳಲ್ಲ. ಅವನು ತಿರುಗಿ ನೋಡಲಿಲ್ಲ. ಒಂದು ಕೈ ಮೇಲೆತ್ತಿ ಬೀಸಿ, ಮೆಲ್ಲಗೆ, ಬಲು ಮೆಲ್ಲಗೆ, ತಿರುವು ದಾಟಿದ.